ಪೇಟೆಂಟು ವಕೀಲ ಚೆಸ್ಟರ್ ಕಾರ್ಲ್‌ಸನ್

ವಕೀಲಿ ವೃತ್ತಿಯಲ್ಲಿ ಮೂಲಪತ್ರಕ್ಕಿರುವ ಗೌರವ ದೊಡ್ಡದು. ಆದರೆ ದುಡಿಮೆಯ ಬಹುಭಾಗ ಸಲ್ಲುವುದು ನಕಲಿಗೆ. ನ್ಯಾಯಾಲಯಕ್ಕೆ ಒಂದು ಪ್ರತಿ, ಎದುರು ಪಕ್ಷದವರಿಗೆ ಒಂದು, ಕಕ್ಷಿಗಾರನಿಗೆ ಒಂದು, ಕಚೇರಿಯ ಕಡತಕ್ಕೆ ಇನ್ನೊಂದು. ಒಂದೇ ಬರಹವನ್ನು ಮತ್ತೆ ಮತ್ತೆ ಬರೆಯಿಸಬೇಕು. ಬರೆಯಿಸಿದ್ದನ್ನು ಮೂಲದೊಡನೆ ತಾಳೆ ನೋಡಬೇಕು. ನಮ್ಮ ನ್ಯಾಯಾಲಯಗಳಲ್ಲಿ ನಕಲು ವಿಭಾಗವೆಂಬುದೇ ಬೇರೆಯಾಗಿ ಇರುವುದನ್ನು ಕಂಡವರಿಗೆ ಈ ಭಾರ ಎಷ್ಟೆಂಬುದು ತಿಳಿದೀತು. ಪೇಟೆಂಟು ವಕೀಲನ ಪಾಡು ಇನ್ನೂ ಬಿಗಿಯಾದದ್ದು. ಹೊಸದೊಂದನ್ನು ಕಂಡುಹಿಡಿದವನಿಗೆ ಅದರ ಮೇಲೆ ಕೆಲವು ವರ್ಷಗಳ ಮಟ್ಟಿಗೆ ಸರ್ಕಾರವು ಕೊಡುವ ಏಕಸ್ವಾಮ್ಯವೇ ಪೇಟೆಂಟು. ಅದನ್ನು ಪಡೆಯಬೇಕಾದರೆ ಆವಿಷ್ಕಾರದ ವಿವರಣೆಯನ್ನೂ ನಕ್ಷೆಗಳನ್ನೂ ಕೊನೆಯಲ್ಲಿ ಹಕ್ಕನ್ನು ಸಾರುವ ವಾಕ್ಯಗಳನ್ನೂ ಒಂದಕ್ಷರ ತಪ್ಪದಂತೆ ಸಿದ್ಧಪಡಿಸಿ ಸಲ್ಲಿಸಬೇಕು. ಆ ವಾಕ್ಯಗಳಲ್ಲಿ ಒಂದು ವಿಶೇಷಣ ಹೆಚ್ಚಾದರೆ ಹಕ್ಕಿನ ವ್ಯಾಪ್ತಿ ಕುಗ್ಗುತ್ತದೆ. ಒಂದು ಕಡಿಮೆಯಾದರೆ ಲೋಕದಲ್ಲಿ ಮೊದಲೇ ಇದ್ದುದನ್ನು ತನ್ನದೆಂದು ಹೇಳಿದಂತಾಗಿ ಅರ್ಜಿಯೇ ಬಿದ್ದುಹೋಗುತ್ತದೆ. ವ್ಯಾಕರಣವನ್ನು ಇಷ್ಟು ಭಯಭಕ್ತಿಯಿಂದ ಕಾಣುವ ವೃತ್ತಿ ನಮ್ಮದನ್ನು ಬಿಟ್ಟರೆ ಬಹುಶಃ ಇದೊಂದೇ.

೧೯೩೦ರ ದಶಕದ ನಡುವಿನಲ್ಲಿ, ಪಿ. ಆರ್. ಮ್ಯಾಲರಿ ಎಂಬ ವಿದ್ಯುದುಪಕರಣಗಳ ಕಂಪನಿಯ ನ್ಯೂಯಾರ್ಕ್ ಕಚೇರಿಯಲ್ಲಿ, ಚೆಸ್ಟರ್ ಫ್ಲಾಯ್ಡ್ ಕಾರ್ಲ್‌ಸನ್ ಎಂಬ ತರುಣನು ಈ ಕೆಲಸದಲ್ಲಿ ತೊಡಗಿದ್ದನು. ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಕಾಗದವಿಟ್ಟು ತೆಗೆದ ಪ್ರತಿಗಳು ಅಲ್ಲಿ ಎಂದೂ ಸಾಲುತ್ತಿರಲಿಲ್ಲ. ಅಡಿಯ ಹಾಳೆಗಳಂತೂ ಮಸುಕು ಮಸುಕು. ಇನ್ನೊಂದು ಪ್ರತಿ ಬೇಕೆಂದರೆ ಮೊದಲಿನಿಂದ ಮತ್ತೆ ಬೆರಳಚ್ಚು ಮಾಡಿಸಿ, ಒಬ್ಬರು ಓದಿ ಇನ್ನೊಬ್ಬರು ತಿದ್ದಬೇಕು. ನಕ್ಷೆಗಳಿದ್ದರೆ ಹೊರಗೆ ಕಳುಹಿಸಿ ಛಾಯಾಚಿತ್ರ ತೆಗೆಸಬೇಕು. ಅದಕ್ಕೆ ಹಣವೂ ಹೆಚ್ಚು, ಕಾಲವೂ ಹೆಚ್ಚು. ಈ ಬೇಸರದಿಂದ ಹುಟ್ಟಿಬಂದ ಯಂತ್ರದ ಹೆಸರು ಇಂದು ನಮ್ಮ ತಾಲ್ಲೂಕು ಕಚೇರಿಗಳ ಎದುರಿನ ಅಂಗಡಿಗಳ ಹಲಗೆಯ ಮೇಲೆಲ್ಲ ಇದೆ. ಜೆರಾಕ್ಸ್ ಎಂಬುದು ಕನ್ನಡದಲ್ಲಿ ನಾಮಪದವೂ ಆಗಿ, ಮಾಡಿಸು ಎಂಬುದನ್ನು ಕೂಡಿಕೊಂಡು ಕ್ರಿಯಾಪದವೂ ಆಗಿ, ಹಳ್ಳಿಯ ರೈತನ ಬಾಯಲ್ಲಿಯೂ ಸಲೀಸಾಗಿ ನಡೆಯುತ್ತಿದೆ. ಅದರ ಹಿಂದಿದ್ದ ವಕೀಲನನ್ನು ಬಲ್ಲವರು ಮಾತ್ರ ವಿರಳ.

ಕಾರ್ಲ್‌ಸನ್ನನು ಹುಟ್ಟಿದ್ದು ೧೯೦೬ರ ಫೆಬ್ರವರಿ ೮ರಂದು, ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ. ಮನೆತನ ಸ್ವೀಡನ್ನಿನಿಂದ ವಲಸೆ ಬಂದದ್ದು. ತಂದೆ ಊರೂರು ತಿರುಗಿ ಕ್ಷೌರ ಮಾಡಿ ಬದುಕುತ್ತಿದ್ದವನು. ಮಗನಿಗೆ ತಿಳಿವಳಿಕೆ ಬರುವ ಹೊತ್ತಿಗೆ ಕ್ಷಯವೂ ಸಂಧಿವಾತವೂ ಅವನನ್ನು ಹಿಡಿದು ಹಾಸಿಗೆಗೆ ಕೆಡವಿದ್ದುವು. ೧೯೧೦ರಲ್ಲಿ ಯಾರೋ ತೋರಿಸಿದ ಭೂಮಿಯ ಆಸೆಯಿಂದ ಕುಟುಂಬವು ಮೆಕ್ಸಿಕೋ ದೇಶಕ್ಕೆ ಹೋಯಿತು. ಏಳು ತಿಂಗಳಲ್ಲಿ ಇದ್ದ ಹಣ ಕರಗಿತು. ತಾಯಿಗೆ ಮಲೇರಿಯಾ ಬಂತು. ಬರಿಗೈಯಲ್ಲಿ ಹಿಂದಿರುಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಪ್ರದೇಶದಲ್ಲಿ ನೆಲೆಸಿದರು. ಎಂಟನೆಯ ವಯಸ್ಸಿಗೇ ಹುಡುಗ ಕೂಲಿಗೆ ನಿಂತನು. ಹದಿಮೂರಕ್ಕೆ, ಶಾಲೆಗೆ ಮುಂಚೆ ಎರಡು ಮೂರು ಗಂಟೆ ದುಡಿದು, ಶಾಲೆ ಬಿಟ್ಟ ಮೇಲೆ ಮತ್ತೆ ದುಡಿಯುವುದು ಅವನ ದಿನಚರಿಯಾಗಿತ್ತು. ಪ್ರೌಢಶಾಲೆಯನ್ನು ಮುಗಿಸುವ ಮೊದಲೇ ಮನೆಯ ಯಜಮಾನಿಕೆ ಅವನ ಹೆಗಲಿಗೆ ಬಂದಿತ್ತು. ಹದಿನೇಳನೆಯ ವಯಸ್ಸಿನಲ್ಲಿ ತಾಯಿಯೂ ಕ್ಷಯದಿಂದಲೇ ತೀರಿಕೊಂಡಳು.

ಈ ದಾರಿದ್ರ್ಯದ ನಡುವೆ ಹುಡುಗನಿಗೆ ಅಕ್ಷರಗಳನ್ನು ಅಚ್ಚೊತ್ತುವ ಹುಚ್ಚು ಹೇಗೆ ಹಿಡಿಯಿತೋ ಹೇಳುವುದು ಕಷ್ಟ. ರಬ್ಬರ್ ಮೊಹರುಗಳ ಆಟಿಕೆಯೆಂದರೆ ಅವನಿಗೆ ಪ್ರಾಣ. ಹತ್ತನೆಯ ವಯಸ್ಸಿನಲ್ಲಿ ಅದು ಇದು ಎಂಬರ್ಥದ ಹೆಸರಿಟ್ಟು ಗೆಳೆಯರಿಗಾಗಿ ಒಂದು ಪುಟ್ಟ ಪತ್ರಿಕೆ ಹೊರಡಿಸಿದನು. ಅತ್ತೆಯೊಬ್ಬಳು ಕ್ರಿಸ್‌ಮಸ್ ಹಬ್ಬಕ್ಕೆ ಆಟದ ಬೆರಳಚ್ಚು ಯಂತ್ರವನ್ನು ಕೊಟ್ಟಾಗ, ಅದು ಕಚೇರಿಯ ನಿಜವಾದ ಯಂತ್ರವಲ್ಲವಲ್ಲ ಎಂದು ನೊಂದುಕೊಂಡನಂತೆ. ಮುಂದೆ ಒಂದು ಮುದ್ರಣಾಲಯದಲ್ಲಿ ದುಡಿದು, ಕೂಲಿಗೆ ಬದಲಾಗಿ ಒಂದು ಹಳೆಯ ಅಚ್ಚಿನ ಯಂತ್ರವನ್ನು ಪಡೆದುಕೊಂಡು, ರಸಾಯನಶಾಸ್ತ್ರದಲ್ಲಿ ಆಸಕ್ತಿಯುಳ್ಳ ಹವ್ಯಾಸಿಗಳಿಗೆಂದು ಒಂದು ಪತ್ರಿಕೆಯನ್ನು ಆರಂಭಿಸಿದನು. ಒಂದೊಂದೇ ಮೊಳೆಯನ್ನು ಆರಿಸಿ ಜೋಡಿಸಿ ಸಾಲು ಕಟ್ಟುವ ಕೆಲಸ ಅವನನ್ನು ಹಣ್ಣು ಮಾಡಿತು. ಒಂದೆರಡು ಸಂಚಿಕೆಗಳಲ್ಲಿ ಪತ್ರಿಕೆ ನಿಂತುಹೋಯಿತು. ಬರೆದದ್ದನ್ನು ನಾಲ್ಕು ಜನರಿಗೆ ಮುಟ್ಟಿಸುವುದು ಬರೆಯುವುದಕ್ಕಿಂತಲೂ ಕಷ್ಟ ಎಂಬ ಅರಿವು ಮಾತ್ರ ನಿಂತಿತು.

ರಿವರ್‌ಸೈಡ್ ಎಂಬ ಊರಿನ ಕಿರಿಯ ಕಾಲೇಜಿನಲ್ಲಿ, ಕೆಲವು ವಾರ ಓದು, ಕೆಲವು ವಾರ ಕೂಲಿ ಎಂಬ ಏರ್ಪಾಟಿನಲ್ಲಿ ಆತನ ಉಚ್ಚ ಶಿಕ್ಷಣ ಆರಂಭವಾಯಿತು. ಮೊದಲು ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನೇ. ಆದರೆ ಅಲ್ಲಿನ ಒಬ್ಬ ಮೆಚ್ಚಿನ ಅಧ್ಯಾಪಕನ ಸೆಳೆತದಿಂದ ಭೌತಶಾಸ್ತ್ರಕ್ಕೆ ತಿರುಗಿದನು. ಅಧ್ಯಾಪಕರ ಕಾರಣದಿಂದ ವಿಷಯವನ್ನು ಬಿಟ್ಟವರ ಕಥೆಗಳೇ ಹೆಚ್ಚಾಗಿರುವ ಈ ಲೋಕದಲ್ಲಿ ಇದು ನಮ್ಮಂಥವರಿಗೆ ಸಮಾಧಾನ ಕೊಡುವ ಸಂಗತಿ. ಅಲ್ಲಿಂದ ಪ್ರಸಿದ್ಧವಾದ ಕ್ಯಾಲ್‌ಟೆಕ್ ಸಂಸ್ಥೆಯನ್ನು ಸೇರಿ, ಬೇಸಗೆಯಲ್ಲಿ ಸಿಮೆಂಟಿನ ಕಾರ್ಖಾನೆಯಲ್ಲಿ ದುಡಿದು, ೧೯೩೦ರಲ್ಲಿ ಪದವೀಧರನಾಗಿ ಹೊರಬಂದನು. ಕೈಯಲ್ಲಿ ಪದವಿ, ತಲೆಯ ಮೇಲೆ ಸಾಲ, ಹೊರಗೆ ಅಮೆರಿಕವನ್ನೆಲ್ಲ ಆವರಿಸಿದ್ದ ಆರ್ಥಿಕ ಮುಗ್ಗಟ್ಟು. ೮೨ ಕಂಪನಿಗಳಿಗೆ ಪತ್ರ ಬರೆದನು. ಒಂದಾದರೂ ಕೆಲಸ ಕೊಡಲಿಲ್ಲ.

ಕೊನೆಗೆ ನ್ಯೂಯಾರ್ಕಿನ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾರಕ್ಕೆ ೩೫ ಡಾಲರ್ ಸಂಬಳದ ಒಂದು ಸ್ಥಾನ ದೊರೆಯಿತು. ಆ ಕೆಲಸ ರುಚಿಸದೆ, ಒಂದು ವರ್ಷದ ಬಳಿಕ ತಾನಾಗಿಯೇ ಅಲ್ಲಿನ ಪೇಟೆಂಟು ವಿಭಾಗಕ್ಕೆ ವರ್ಗ ಮಾಡಿಸಿಕೊಂಡು, ಒಬ್ಬ ಪೇಟೆಂಟು ವಕೀಲನ ಸಹಾಯಕನಾದನು. ವೃತ್ತಿಯ ದಾರಿ ಇಲ್ಲಿ ತೆರೆಯಿತು. ಬೇರೆಯವರ ಆವಿಷ್ಕಾರಗಳನ್ನು ದಿನವಿಡೀ ಓದುವುದು, ಹಿಂದೆ ಯಾರು ಏನು ಮಾಡಿದ್ದಾರೆಂದು ಶೋಧಿಸುವುದು, ಹೊಸದೆಂಬುದು ನಿಜವಾಗಿ ಎಷ್ಟು ಹೊಸದು ಎಂದು ಅಳೆಯುವುದು - ಇದರಲ್ಲಿ ಆತನ ಬುದ್ಧಿ ಸಾಣೆಗೊಂಡಿತು. ರಾತ್ರಿ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಸ್ವಂತ ಕಲ್ಪನೆಗಳನ್ನು ಗುರುತು ಹಾಕತೊಡಗಿದನು. ಬೆಲ್ ಸಂಸ್ಥೆಯಲ್ಲಿದ್ದ ಕಾಲದಲ್ಲೇ ಅವು ೪೦೦ನ್ನು ಮೀರಿದುವು. ೧೯೩೩ರಲ್ಲಿ ಆ ನೌಕರಿ ಹೋಯಿತು. ವಾಲ್ ಸ್ಟ್ರೀಟಿನ ಸಮೀಪದ ಒಂದು ಪೇಟೆಂಟು ವಕೀಲರ ಕಚೇರಿಯಲ್ಲಿ ಸುಮಾರು ಒಂದು ವರ್ಷ ಕಳೆದು ಮ್ಯಾಲರಿ ಕಂಪನಿಯನ್ನು ಸೇರಿದನು. ಕಾಲಕ್ರಮದಲ್ಲಿ ಅಲ್ಲಿನ ಪೇಟೆಂಟು ವಿಭಾಗದ ಮುಖ್ಯಸ್ಥನೂ ಆದನು.

ಆದರೆ ಕಾನೂನಿನ ಪದವಿಯಿಲ್ಲದೆ ಈ ವೃತ್ತಿಯಲ್ಲಿ ಮೇಲೇರುವಂತಿರಲಿಲ್ಲ. ೧೯೩೬ರಲ್ಲಿ ನ್ಯೂಯಾರ್ಕ್ ಲಾ ಸ್ಕೂಲಿನ ರಾತ್ರಿ ತರಗತಿಗೆ ಸೇರಿದನು. ನ್ಯಾಯಶಾಸ್ತ್ರದ ಪುಸ್ತಕಗಳನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಆದುದರಿಂದ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಪುಟ ಪುಟಗಳನ್ನೇ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದನು. ತಂದೆಯನ್ನು ಕೆಡವಿದ ಸಂಧಿವಾತ ಆ ವೇಳೆಗೆ ಮಗನ ಬೆನ್ನುಹುರಿಯನ್ನೂ ಹೊಕ್ಕಿತ್ತು, ದೃಷ್ಟಿಯೂ ಮಂದ. ನಮ್ಮ ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಬೆನ್ನು ಕತ್ತುಗಳ ನೋವನ್ನು ತೋಡಿಕೊಂಡು, ಇದನ್ನು ಜೋಪಾನ ಮಾಡಿರೆಂದು ಬೇಡುತ್ತಿದ್ದ ಸಂಪ್ರದಾಯ ಇಲ್ಲಿ ನೆನಪಾಗದಿರದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪಾಠ ಹೇಳುವಾಗ ನಾವು ಆಕೆಯ ಔದಾರ್ಯವನ್ನು ಕೊಂಡಾಡುತ್ತೇವೆ; ಬರೆದ ಬೆರಳುಗಳು ಲೆಕ್ಕಕ್ಕೆ ಬರುವುದಿಲ್ಲ. ಕಾರ್ಲ್‌ಸನ್ನನಿಗೆ ಆ ಬೆರಳುಗಳ ಲೆಕ್ಕ ಚೆನ್ನಾಗಿ ತಿಳಿದಿತ್ತು. ಹಗಲು ಕಚೇರಿಯಲ್ಲಿ ಪ್ರತಿಗಳ ಕೊರತೆ, ಇರುಳು ಗ್ರಂಥಾಲಯದಲ್ಲಿ ಬೆರಳುಗಳ ನೋವು. ಗುಂಡಿಯೊತ್ತಿದರೆ ಕಾಗದದ ಮೇಲಿರುವುದು ಇನ್ನೊಂದು ಕಾಗದದ ಮೇಲೆ ಮೂಡುವಂಥ ಸಣ್ಣ ಯಂತ್ರವೊಂದು ಕಚೇರಿಯಲ್ಲಿಯೇ ಏಕಿರಬಾರದು ಎಂಬ ಯೋಚನೆ ಬೇರೂರಿತು. ೧೯೩೯ರಲ್ಲಿ ಕಾನೂನಿನ ಪದವಿ ಬಂತು. ಮರುವರ್ಷ ನ್ಯೂಯಾರ್ಕಿನ ವಕೀಲರ ಪಟ್ಟಿಯಲ್ಲಿ ಹೆಸರು ಸೇರಿತು.

ಅದೇ ಗ್ರಂಥಾಲಯದಲ್ಲಿ ಆತನು ತನ್ನ ಕಲ್ಪನೆಯ ಮೇಲೆಯೂ ಶೋಧ ನಡೆಸಿದನು. ಈ ಘಟ್ಟದಲ್ಲಿ ವಿಜ್ಞಾನಿಗಿಂತ ಹೆಚ್ಚಾಗಿ ವಕೀಲನೇ ಮುಂದಾದದ್ದೆಂದು ನನಗೆ ತೋರುತ್ತದೆ. ಬೆಳಕಿನಿಂದ ರಾಸಾಯನಿಕಗಳಲ್ಲಿ ಬದಲಾವಣೆ ತರುವ ಛಾಯಾಗ್ರಹಣದ ಮಾರ್ಗವನ್ನು ಕೊಡಕ್‌ನಂಥ ದೊಡ್ಡ ಕಂಪನಿಗಳ ಪ್ರಯೋಗಾಲಯಗಳು ಮೂಲೆ ಮೂಲೆಯೂ ಬಿಡದಂತೆ ಉತ್ತುಬಿಟ್ಟಿದ್ದುವು. ಪೇಟೆಂಟುಗಳ ಕಾಡನ್ನು ಬಲ್ಲವನಿಗೆ ಅಲ್ಲಿ ಕಾಲಿಡಲು ಜಾಗವಿಲ್ಲವೆಂಬುದು ಕೂಡಲೇ ಗೊತ್ತಾಯಿತು. ಆದುದರಿಂದ ಬೇರೆಯವರು ಹೆಚ್ಚಾಗಿ ನಡೆಯದ ದಾರಿಯನ್ನು ಹುಡುಕಿದನು. ಬುಡಾಪೆಸ್ಟಿನ ಪಾಲ್ ಸೆಲೆನ್ಯಿ ಎಂಬ ಭೌತವಿಜ್ಞಾನಿಯು ಸ್ಥಿರವಿದ್ಯುತ್ತಿನಿಂದ ಚಿತ್ರವೊಂದನ್ನು ರೂಪಿಸಿ ಅದಕ್ಕೆ ಪುಡಿಯನ್ನು ಅಂಟಿಸಿ ಕಾಣುವಂತೆ ಮಾಡಿದ್ದನು. ಇನ್ನೊಂದು ಕಡೆ, ಕೆಲವು ವಸ್ತುಗಳು ಕತ್ತಲಲ್ಲಿ ವಿದ್ಯುತ್ತನ್ನು ಹರಿಯಗೊಡದೆ ಬೆಳಕು ಬಿದ್ದೊಡನೆ ಹರಿಯಗೊಡುತ್ತವೆಂಬುದು ತಿಳಿದ ವಿಷಯ. ಇವೆರಡನ್ನೂ ಕೂಡಿಸಿದರೆ? ಅಂಥ ವಸ್ತುವಿನ ತೆಳುಲೇಪಕ್ಕೆ ಕತ್ತಲಲ್ಲಿ ವಿದ್ಯುದಾವೇಶ ಕೊಟ್ಟು, ಬರಹದ ನೆರಳನ್ನು ಅದರ ಮೇಲೆ ಬೀಳಿಸಿದರೆ, ಬೆಳಕು ಬಿದ್ದಲ್ಲೆಲ್ಲ ಆವೇಶ ಹರಿದುಹೋಗಿ ಅಕ್ಷರದ ನೆರಳಿನಲ್ಲಿ ಮಾತ್ರ ಉಳಿಯಬೇಕು. ಅಲ್ಲಿಗೆ ಪುಡಿ ಅಂಟಬೇಕು. ಆ ಪುಡಿಯನ್ನು ಕಾಗದಕ್ಕೆ ಇಳಿಸಿ ಬಿಸಿ ಮಾಡಿ ಬೆಸೆದರೆ ನಕಲು ಸಿದ್ಧ. ಅಲ್ಲಿ ನೀರಿಲ್ಲ, ದ್ರಾವಣವಿಲ್ಲ. ಎಲ್ಲವೂ ಒಣ ಕ್ರಿಯೆ. ಕಾರ್ಲ್‌ಸನ್ನನು ೧೯೩೭ರ ಅಕ್ಟೋಬರ್ ೧೮ರಂದು ಈ ತತ್ತ್ವಕ್ಕೆ ಪೇಟೆಂಟಿನ ಮೊದಲ ಅರ್ಜಿಯನ್ನು ಸಲ್ಲಿಸಿದನು. ಆಗ ಆತನ ಕೈಯಲ್ಲಿ ಒಂದಾದರೂ ನಕಲು ಇರಲಿಲ್ಲ. ಬೇರೊಬ್ಬ ವಿಜ್ಞಾನಿಯಾಗಿದ್ದರೆ ಮೊದಲು ಮಾಡಿ ತೋರಿಸಿ ಆಮೇಲೆ ಅರ್ಜಿ ಬರೆಯುತ್ತಿದ್ದನು. ದಿನಾಂಕದ ಬೆಲೆ ಬಲ್ಲ ವಕೀಲನು ಮೊದಲು ಬೇಲಿ ಹಾಕಿ ಆಮೇಲೆ ಉಳಲು ಹೊರಟನು.

ಉಳುಮೆ ನಡೆದದ್ದು ಮನೆಯ ಅಡುಗೆಕೋಣೆಯಲ್ಲಿ. ೧೯೩೪ರಲ್ಲಿ ಎಲ್ಸಾ ಎಂಬಾಕೆಯೊಡನೆ ಆತನ ವಿವಾಹವಾಗಿತ್ತು. ನಗರದ ಜಾಕ್ಸನ್ ಹೈಟ್ಸ್ ಭಾಗದ ಬಾಡಿಗೆ ಮನೆಯ ಒಲೆಯ ಮೇಲೆ ಗಂಧಕವನ್ನು ಕರಗಿಸಿ ಸತುವಿನ ತಗಡಿಗೆ ಬಳಿಯುವ ಪ್ರಯೋಗಗಳು ಸಾಗಿದುವು. ಗಂಧಕ ಆಗಾಗ ಹೊತ್ತಿಕೊಳ್ಳುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ ಕಟ್ಟಡವನ್ನೆಲ್ಲ ತುಂಬುತ್ತಿತ್ತು. ಆವಿಷ್ಕಾರಕರ ಚರಿತ್ರೆಗಳಲ್ಲಿ ಇಂಥ ಪ್ರಸಂಗಗಳನ್ನು ವಿನೋದವಾಗಿ ಹೇಳುವ ರೂಢಿಯಿದೆ. ಆದರೆ ಕಚೇರಿ, ರಾತ್ರಿ ಕಾಲೇಜು, ಗ್ರಂಥಾಲಯ ಇವುಗಳಿಂದ ಉಳಿದ ಅಷ್ಟಿಷ್ಟು ವೇಳೆಯನ್ನೂ ಗಂಧಕಕ್ಕೆ ಕೊಟ್ಟ ಗಂಡನೊಡನೆ ಬಾಳಿದ ಎಲ್ಸಾಳಿಗೆ ಅದು ವಿನೋದವಾಗಿದ್ದಿರಲಾರದು. ೧೯೪೫ರಲ್ಲಿ ಅವರು ವಿಚ್ಛೇದನ ಪಡೆದು ಬೇರೆಯಾದರು.

ಪ್ರಯೋಗಗಳು ಮನೆಯಿಂದ ಹೊರಬಿದ್ದು, ಆಸ್ಟೋರಿಯಾ ಭಾಗದಲ್ಲಿ ಎಲ್ಸಾಳ ತಾಯಿಗೆ ಸೇರಿದ ಕಟ್ಟಡದ ಒಂದು ಕೋಣೆಗೆ ಹೋದುವು. ಆಸ್ಟ್ರಿಯಾ ದೇಶದಿಂದ ಬಂದು ಕೆಲಸವಿಲ್ಲದೆ ಅಲೆಯುತ್ತಿದ್ದ ಒಟ್ಟೊ ಕೊರ್ನೈ ಎಂಬ ಭೌತವಿಜ್ಞಾನಿಯನ್ನು ತನ್ನ ಬಡ ಸಂಬಳದಲ್ಲಿಯೇ ಉಳಿಸಿ, ತಿಂಗಳಿಗೆ ೯೦ ಡಾಲರಿನಂತೆ ಸಹಾಯಕ್ಕೆ ಇಟ್ಟುಕೊಂಡನು. ೧೯೩೮ರ ಅಕ್ಟೋಬರ್ ೨೨, ಶನಿವಾರ. ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಸಿದ್ಧಮಾಡಿದ್ದನು. ಗಾಜಿನ ಪಟ್ಟಿಯ ಮೇಲೆ ಮಸಿಯಿಂದ ಅಂದಿನ ತಾರೀಖನ್ನೂ ಆಸ್ಟೋರಿಯಾ ಎಂಬ ಹೆಸರನ್ನೂ ಬರೆದನು. ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿ, ಕರವಸ್ತ್ರದಿಂದ ಗಂಧಕವನ್ನು ಬಲವಾಗಿ ಉಜ್ಜಿ ವಿದ್ಯುದಾವೇಶ ತಂದು, ಗಾಜನ್ನು ಅದರ ಮೇಲಿಟ್ಟು, ಕೆಲವು ಸೆಕೆಂಡು ಪ್ರಖರವಾದ ದೀಪದ ಕೆಳಗೆ ಹಿಡಿದರು. ಗಾಜನ್ನು ತೆಗೆದು, ಲೈಕೊಪೋಡಿಯಮ್ ಎಂಬ ಸಸ್ಯದ ಹಳದಿ ಪುಡಿಯನ್ನು ಉದುರಿಸಿ, ಮೆಲ್ಲನೆ ಊದಿದರು. ಸಡಿಲವಾದ ಪುಡಿಯೆಲ್ಲ ಹಾರಿಹೋಗಿ ತಾರೀಖೂ ಊರಿನ ಹೆಸರೂ ಗಂಧಕದ ಮೇಲೆ ಉಳಿದುವು. ಮೇಣದ ಕಾಗದವನ್ನು ಒತ್ತಿ ಬಿಸಿಮಾಡಿದಾಗ ಅಕ್ಷರಗಳು ಕಾಗದಕ್ಕೆ ಬಂದುವು. ನಂಬಿಕೆಯಾಗಲೆಂದು ಮತ್ತೆ ಕೆಲವು ಬಾರಿ ಮಾಡಿ ನೋಡಿ, ಇಬ್ಬರೂ ಊಟಕ್ಕೆ ಹೋದರು.

ಕೊರ್ನೈಗೆ ಇದರಲ್ಲಿ ಭವಿಷ್ಯವಿದೆಯೆಂದು ತೋರಲಿಲ್ಲ. ಕೆಲವು ತಿಂಗಳಲ್ಲಿ ಐ.ಬಿ.ಎಂ. ಕಂಪನಿಯಲ್ಲಿ ನೌಕರಿ ಹಿಡಿದು, ಮುಂದಿನ ಲಾಭದಲ್ಲಿ ತನಗಿದ್ದ ಪಾಲಿನ ಒಪ್ಪಂದವನ್ನೂ ಬಿಟ್ಟುಕೊಟ್ಟು ಹೊರಟುಹೋದನು. ಅವನನ್ನು ಅವಿವೇಕಿಯೆನ್ನಬಾರದು, ಪರದೇಶದಲ್ಲಿ ಬದುಕು ಕಟ್ಟಿಕೊಳ್ಳಬೇಕಾದವನಿಗೆ ಮೇಣದ ಕಾಗದದ ಮೇಲಿನ ಮಸುಕಾದ ಅಕ್ಷರಗಳಿಗಿಂತ ತಿಂಗಳ ಸಂಬಳ ದೊಡ್ಡದು. ಬಹಳ ವರ್ಷಗಳ ಮೇಲೆ, ಕಂಪನಿಯ ಷೇರುಗಳಿಗೆ ಬೆಲೆ ಬಂದಾಗ, ಕಾರ್ಲ್‌ಸನ್ನನು ಅವನನ್ನು ನೆನೆದು ನೂರು ಷೇರುಗಳನ್ನು ಉಡುಗೊರೆಯಾಗಿ ಕಳುಹಿಸಿದನು. ಕಾನೂನಿನ ಪ್ರಕಾರ ಅವನಿಗೆ ಏನನ್ನೂ ಕೊಡಬೇಕಾಗಿರಲಿಲ್ಲವೆಂಬುದನ್ನು ಕಾರ್ಲ್‌ಸನ್ನನಷ್ಟು ಚೆನ್ನಾಗಿ ಬಲ್ಲವರು ಯಾರು?

ಮುಂದಿನ ಐದಾರು ವರ್ಷಗಳು ನಿರಾಶೆಯವು. ಮುಖ್ಯವಾದ ಪೇಟೆಂಟು, ೨,೨೯೭,೬೯೧ನೆಯ ಸಂಖ್ಯೆಯದು, ೧೯೪೨ರ ಅಕ್ಟೋಬರ್ ೬ರಂದು ಕೈಗೆ ಬಂತು. ಅದನ್ನು ಹಿಡಿದು ಐ.ಬಿ.ಎಂ., ಜನರಲ್ ಎಲೆಕ್ಟ್ರಿಕ್, ಆರ್.ಸಿ.ಎ. ಮುಂತಾಗಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಬಾಗಿಲು ತಟ್ಟಿದನು. ಎಲ್ಲರೂ ಸೌಜನ್ಯದಿಂದಲೇ ನಿರಾಕರಿಸಿದರು. ಕಾರ್ಬನ್ ಕಾಗದ ಇಷ್ಟು ಅಗ್ಗವಾಗಿರುವಾಗ ಗಂಧಕ, ಪುಡಿ, ಮೇಣಗಳ ಈ ರಂಪ ಯಾರಿಗೆ ಬೇಕು? ಇತ್ತ ವಕೀಲನೊಳಗೆ ಇನ್ನೊಂದು ಗಡಿಯಾರ ಓಡುತ್ತಿತ್ತು. ಅಂದಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಆಯುಸ್ಸು ಅದು ದೊರೆತ ದಿನದಿಂದ ೧೭ ವರ್ಷ. ಯಾರೂ ಮೂಸದೆ ಕಳೆದ ಪ್ರತಿಯೊಂದು ವರ್ಷವೂ ಆ ಹದಿನೇಳರಲ್ಲಿ ಒಂದನ್ನು ತಿಂದುಹಾಕುತ್ತಿತ್ತು.

ದಾರಿ ತೆರೆದದ್ದು ಕಚೇರಿಯ ಮಾಮೂಲು ಕೆಲಸದ ನಡುವೆ. ೧೯೪೪ರಲ್ಲಿ ಓಹಾಯೊ ಸಂಸ್ಥಾನದ ಬ್ಯಾಟಲ್ ಎಂಬ ಲಾಭರಹಿತ ಸಂಶೋಧನ ಸಂಸ್ಥೆಯ ರಸಲ್ ಡೇಟನ್ ಎಂಬವನು ಪೇಟೆಂಟೊಂದರ ವಿಷಯವಾಗಿ ಮ್ಯಾಲರಿ ಕಚೇರಿಗೆ ಬಂದಿದ್ದನು. ಮಾತಿನ ನಡುವೆ ಕಾರ್ಲ್‌ಸನ್ನನು ತನ್ನ ಆವಿಷ್ಕಾರದ ಮಾತೆತ್ತಿದನು. ಅದೇ ಅಕ್ಟೋಬರಿನಲ್ಲಿ ಬ್ಯಾಟಲ್‌ನೊಡನೆ ಒಪ್ಪಂದವಾಯಿತು: ಸಂಶೋಧನೆಯ ವೆಚ್ಚ ಅವರದು, ಬರುವ ಗೌರವಧನದಲ್ಲಿ ೪೦ ಪಾಲು ಈತನದು. ವೆಚ್ಚ ಮೇರೆ ಮೀರಿದರೆ ಈತನೂ ಅದರಲ್ಲಿ ಒಂದಂಶವನ್ನು ಭರಿಸಬೇಕು, ಇಲ್ಲವಾದರೆ ಪಾಲು ಇಳಿಯುತ್ತದೆ ಎಂಬ ಕರಾರೂ ಇತ್ತು. ಆ ದಿನ ಬಂದಾಗ ಕಾರ್ಲ್‌ಸನ್ನನು ಕೂಡಿಟ್ಟದ್ದನ್ನೆಲ್ಲ ಸುರಿದು, ಬಂಧುಗಳಿಂದಲೂ ಪಡೆದು, ಹಣ ಕಟ್ಟಿ ತನ್ನ ಪಾಲನ್ನು ಉಳಿಸಿಕೊಂಡನು. ಬ್ಯಾಟಲ್‌ನ ವಿಜ್ಞಾನಿಗಳು ಗಂಧಕದ ಜಾಗದಲ್ಲಿ ಅದರ ಸಮೀಪಬಂಧುವಾದ ಸೆಲೆನಿಯಮ್ ಎಂಬ ಮೂಲವಸ್ತುವನ್ನು ತಂದರು. ಅದು ಬೆಳಕಿಗೆ ಗಂಧಕಕ್ಕಿಂತ ಎಷ್ಟೋ ಹೆಚ್ಚು ಚುರುಕಾಗಿ ಸ್ಪಂದಿಸಿತು. ಕರವಸ್ತ್ರದ ಉಜ್ಜುವಿಕೆ ಹೋಗಿ ವಿದ್ಯುತ್ ತಂತಿಯಿಂದ ಆವೇಶ ಕೊಡುವ ಕ್ರಮ ಬಂತು. ಪುಡಿಯ ರಸಾಯನವೂ ಬದಲಾಯಿತು.

ರಾಚೆಸ್ಟರ್ ನಗರದಲ್ಲಿ, ಕೊಡಕ್ ಕಂಪನಿಯ ನೆರಳಿನಲ್ಲಿ, ಛಾಯಾಚಿತ್ರದ ಕಾಗದವನ್ನು ಮಾಡಿ ಬದುಕುತ್ತಿದ್ದ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿಯೊಂದಿತ್ತು. ಅದೂ ಹುಟ್ಟಿದ್ದು ೧೯೦೬ರಲ್ಲಿಯೇ. ಅದರ ತರುಣ ಅಧ್ಯಕ್ಷ ಜೋಸೆಫ್ ವಿಲ್ಸನ್ನನು ಹೊಸ ಸರಕನ್ನು ಹುಡುಕುತ್ತಿದ್ದವನು, ೧೯೪೬ರ ಕೊನೆಯಲ್ಲಿ ಬ್ಯಾಟಲ್‌ನೊಡನೆ ಒಪ್ಪಂದ ಮಾಡಿಕೊಂಡನು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಗ್ರೀಕ್ ಪಂಡಿತನು ಒಣ ಬರಹವೆಂಬ ಅರ್ಥದಲ್ಲಿ ಜೆರಾಗ್ರಫಿ ಎಂಬ ಪದವನ್ನು ಟಂಕಿಸಿಕೊಟ್ಟನು. ೧೯೪೮ರ ಅಕ್ಟೋಬರ್ ೨೨ರಂದು, ಆಸ್ಟೋರಿಯಾದ ಆ ಶನಿವಾರಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಡೆಟ್ರಾಯಿಟ್ ನಗರದಲ್ಲಿ ಸೇರಿದ್ದ ದ್ಯುತಿವಿಜ್ಞಾನಿಗಳ ಸಭೆಯಲ್ಲಿ ಈ ವಿಧಾನವನ್ನು ಲೋಕಕ್ಕೆ ಪ್ರಕಟಪಡಿಸಿದರು. ಮರುವರ್ಷದ ಮೊದಲ ಯಂತ್ರ ಮಾತ್ರ ಕೈಯಿಂದ ಹತ್ತಾರು ಕ್ರಿಯೆಗಳನ್ನು ಬೇಡುವಂಥದಾಗಿ ಕಚೇರಿಗಳಿಗೆ ಹಿಡಿಸಲಿಲ್ಲ. ಕಾರ್ಲ್‌ಸನ್ನನು ರಾಚೆಸ್ಟರಿನ ಬಳಿಗೆ ಬಂದು ನೆಲೆಸಿ ಕಂಪನಿಗೆ ಸಲಹೆಗಾರನಾಗಿ ದುಡಿದನು.

೧೯೫೯ರ ಸೆಪ್ಟೆಂಬರ್ ೧೬ರಂದು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ೯೧೪ ಎಂಬ ಯಂತ್ರವನ್ನು ಪ್ರದರ್ಶಿಸಿದರು. ತಂದಿಟ್ಟ ಎರಡು ಯಂತ್ರಗಳಲ್ಲಿ ಒಂದಕ್ಕೆ ಬೆಂಕಿ ಹತ್ತಿತು. ಇನ್ನೊಂದು ಮಾನ ಉಳಿಸಿತು. ೬೪೮ ಪೌಂಡ್ ತೂಕದ ಆ ಯಂತ್ರ, ಮಾಮೂಲು ಕಾಗದದ ಮೇಲೆ ನಿಮಿಷಕ್ಕೆ ಏಳು ಪ್ರತಿ ತೆಗೆಯುತ್ತಿತ್ತು. ಬೆಲೆ ಕೊಟ್ಟು ಕೊಳ್ಳಲಾರದವರಿಗೆ ತಿಂಗಳಿಗೆ ೯೫ ಡಾಲರ್ ಬಾಡಿಗೆಗೆ ಕೊಟ್ಟರು. ೨,೦೦೦ ಪ್ರತಿಗಳ ಮೇಲೆ ತೆಗೆದದ್ದಕ್ಕೆ ಪ್ರತಿಯೊಂದಕ್ಕೂ ಇಷ್ಟೆಂದು ಲೆಕ್ಕ. ೧೯೬೦ರ ಮಾರ್ಚಿಯಲ್ಲಿ ಯಂತ್ರಗಳು ಕಚೇರಿಗಳಿಗೆ ಹೋಗತೊಡಗಿದುವು, ಅಂದಾಜುಗಳೆಲ್ಲ ಸುಳ್ಳಾದುವು. ಕಂಪನಿ ತನ್ನ ಹೆಸರನ್ನೇ ೧೯೬೧ರಲ್ಲಿ ಜೆರಾಕ್ಸ್ ಎಂದು ಮಾಡಿಕೊಂಡಿತು. ಆದರೆ ಪೇಟೆಂಟಿನ ಪುಸ್ತಕವನ್ನು ಬಲ್ಲವರು ಇನ್ನೊಂದು ತಾರೀಖನ್ನು ಗಮನಿಸಬೇಕು. ೧೯೪೨ರಲ್ಲಿ ದೊರೆತ ಮೂಲ ಪೇಟೆಂಟಿಗೆ ೧೭ ವರ್ಷ ತುಂಬಿದ್ದು ೧೯೫೯ರ ಅಕ್ಟೋಬರ್ ೬ರಂದು, ಹೋಟೆಲಿನ ಆ ಪ್ರದರ್ಶನವಾದ ಇಪ್ಪತ್ತೇ ದಿನಗಳ ಮೇಲೆ. ಬೀಜ ಬಿತ್ತಿದವನ ಹಕ್ಕು ಫಸಲು ಕೊಯ್ಯುವ ಹೊತ್ತಿಗೆ ಮುಗಿದುಹೋಗಿತ್ತು. ಅನ್ನ ಉಳಿದದ್ದು ವಕೀಲಬುದ್ಧಿಯಿಂದ: ಸೆಲೆನಿಯಮ್ ಫಲಕ, ಆವೇಶದ ತಂತಿ, ಪುಡಿಯ ಮಿಶ್ರಣ ಹೀಗೆ ಮುಂದಿನ ಒಂದೊಂದು ಸುಧಾರಣೆಗೂ ಹೊಸ ಪೇಟೆಂಟುಗಳ ಕೋಟೆ ಎದ್ದಿತ್ತು; ಕಾರ್ಲ್‌ಸನ್ನನ ಪಾಲು ಷೇರುಗಳಿಗೂ ಪ್ರತಿಗಳ ಮೇಲಿನ ಗೌರವಧನಕ್ಕೂ ಬೆಸೆದುಕೊಂಡಿತ್ತು. ಆ ಕೋಟೆಯನ್ನು ಕೊನೆಗೆ ಸರ್ಕಾರವೇ ೧೯೭೫ರಲ್ಲಿ ಒಪ್ಪಂದದ ಮೂಲಕ ಬೇರೆ ಕಂಪನಿಗಳಿಗೆ ತೆರೆಯಿಸಿತು. ಅದನ್ನು ನೋಡಲು ಆತನು ಇರಲಿಲ್ಲ.

ಐವತ್ತು ದಾಟಿದ ಮೇಲೆ ಬಂದ ಐಶ್ವರ್ಯ ಹದಿನೈದು ಕೋಟಿ ಡಾಲರುಗಳನ್ನು ಮೀರಿತೆಂದು ಅಂದಾಜು. ಅದರಲ್ಲಿ ಹತ್ತು ಕೋಟಿಗೂ ಹೆಚ್ಚು ಆತನ ಕೈಯಿಂದಲೇ ದಾನವಾಗಿ ಹೋಯಿತು. ೧೯೬೮ರಲ್ಲಿ ಒಂದು ಪತ್ರಿಕೆ ಆತನನ್ನು ಅಮೆರಿಕದ ಅತಿ ಶ್ರೀಮಂತರ ಪಟ್ಟಿಯಲ್ಲಿ ಸೇರಿಸಿದಾಗ, ತನ್ನ ಬಳಿ ಅಷ್ಟು ಉಳಿದಿಲ್ಲವೆಂದು ತಿದ್ದುಪಡಿ ಬರೆದು ಕಳುಹಿಸಿದನು. ದಾನಗಳಲ್ಲಿ ಬಹುಪಾಲು ಗುಪ್ತ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘಕ್ಕೆ ನೆರವಾದನು. ತಾನು ಓದಿದ ಕ್ಯಾಲ್‌ಟೆಕ್‌ಗೆ ರಸಾಯನ ಭೌತಶಾಸ್ತ್ರದ ಪ್ರಯೋಗಾಲಯ ಕಟ್ಟಲು ಹಣ ಕೊಟ್ಟನು. ೧೯೬೭ರ ಆ ಕಟ್ಟಡಕ್ಕೆ ಇರುವುದು ಕಾರ್ಲ್‌ಸನ್ನನ ಹೆಸರಲ್ಲ, ಅಲ್ಲಿನ ಹಿರಿಯ ರಸಾಯನಶಾಸ್ತ್ರಜ್ಞ ಆರ್ಥರ್ ನಾಯ್ಸ್‌ನದು. ಬೇರೆಯವರ ಹೆಸರಿನಲ್ಲಿ ಹಕ್ಕುಪತ್ರ ಬರೆದೂ ಬರೆದೂ ಬದುಕಿದವನಿಗೆ ತನ್ನ ಹೆಸರಿನ ಮೋಹ ಹರಿದುಹೋಗಿತ್ತೋ ಏನೋ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ೧೯೪೬ರಲ್ಲಿ ಮದುವೆಯಾದ ಎರಡನೆಯ ಪತ್ನಿ ಡಾರಿಸ್ ಧ್ಯಾನದಲ್ಲಿ ಒಲವಿದ್ದವಳು. ಮೊದಲು ಸಂಶಯಿಯಾಗಿದ್ದ ಭೌತಶಾಸ್ತ್ರದ ಪದವೀಧರನು ಆಕೆಯ ಸಂಗದಿಂದ ವೇದಾಂತವನ್ನೂ ಝೆನ್ ಬೌದ್ಧ ಗ್ರಂಥಗಳನ್ನೂ ಓದತೊಡಗಿದನು. ಅವರ ಮನೆಯಲ್ಲಿ ಧ್ಯಾನದ ಕೂಟಗಳು ಸೇರುತ್ತಿದ್ದುವು. ೧೯೬೬ರಲ್ಲಿ ಫಿಲಿಪ್ ಕ್ಯಾಪ್ಲೊ ಎಂಬ ಗುರುವು ರಾಚೆಸ್ಟರ್ ಝೆನ್ ಕೇಂದ್ರವನ್ನು ತೆರೆದದ್ದು ಈ ದಂಪತಿಗಳ ನೆರವಿನಿಂದ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯನ್ ಸ್ಟೀವನ್‌ಸನ್ನನು, ಪೂರ್ವಜನ್ಮದ ನೆನಪಿದೆಯೆನ್ನುವ ಮಕ್ಕಳ ಹೇಳಿಕೆಗಳನ್ನು ಸಂಗ್ರಹಿಸಿ ಪರೀಕ್ಷಿಸುತ್ತಿದ್ದನು. ಆ ಸಂಶೋಧನೆಗೂ ಕಾರ್ಲ್‌ಸನ್ನನು ಹಣ ಒದಗಿಸಿದನು. ವಿದ್ವಜ್ಜನರು ಹುಬ್ಬೇರಿಸುವ ವಿಷಯವಿದು. ಇಪ್ಪತ್ತು ಕಂಪನಿಗಳ ಹುಬ್ಬುಗಳನ್ನು ಕಂಡಿದ್ದವನು ಅದಕ್ಕೆ ಅಂಜಲಿಲ್ಲ.

೧೯೬೮ರ ವಸಂತದಲ್ಲಿ ಮೊದಲ ಹೃದಯಾಘಾತವಾಯಿತು. ಕಾಯಿಲೆಯ ಗುರುತರತೆಯನ್ನು ಹೆಂಡತಿಯಿಂದ ಮುಚ್ಚಿಟ್ಟು, ವೈದ್ಯರನ್ನು ಗುಟ್ಟಾಗಿ ಕಂಡುಬರುತ್ತ, ಮನೆಯ ದುರಸ್ತಿ ಕೆಲಸಗಳನ್ನು ಒಂದೊಂದಾಗಿ ಮಾಡಿಸತೊಡಗಿದನು. ಸೆಪ್ಟೆಂಬರ್ ೧೯ರಂದು ನ್ಯೂಯಾರ್ಕಿನ ೫೭ನೆಯ ಬೀದಿಯ ಚಿತ್ರಮಂದಿರವೊಂದರಲ್ಲಿ ಒಬ್ಬನೇ ಕುಳಿತು ಚಲನಚಿತ್ರ ನೋಡುತ್ತಿದ್ದಾಗ, ಕುಳಿತಲ್ಲಿಯೇ ತೀರಿಕೊಂಡನು. ವಯಸ್ಸು ೬೨. ಮಕ್ಕಳಿರಲಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಸಂತಾಪ ಸೂಚಿಸಿದನು. ಉಯಿಲಿನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಹತ್ತು ಲಕ್ಷ ಡಾಲರುಗಳನ್ನು ಸ್ಟೀವನ್‌ಸನ್ನನ ಸಂಶೋಧನೆಗೆಂದು ಬಿಟ್ಟಿದ್ದನು. ಕೆಲವರ ವಿರೋಧದ ನಡುವೆಯೂ ವಿಶ್ವವಿದ್ಯಾಲಯ ಅದನ್ನು ಸ್ವೀಕರಿಸಿತು. ಸ್ಟೀವನ್‌ಸನ್ನನು ಮತ್ತೆ ಮತ್ತೆ ಭಾರತಕ್ಕೆ ಬಂದನು. ೧೯೭೦ರ ದಶಕದಿಂದ ಅವನೊಡನೆ ಸೇರಿ ಉತ್ತರದ ಹಳ್ಳಿಗಳಲ್ಲಿ ಆ ಮಕ್ಕಳ ಮಾತುಗಳನ್ನು ಬರೆದುಕೊಂಡು ತಾಳೆ ನೋಡಿದವರು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸ್ರಿಚಾ ಅವರು.